ಮನಾಲಿ: ಸುರಂಗದ ಈಚೆ ಮಳೆ, ಆಚೆ ಬಿಸಿಲು

ಕುಲ್ಲುವಿನಿಂದ ಮನಾಲಿಗೆ 40 ಕಿ.ಮೀ. ಬಿಯಾಸ್ ನದಿಯ ಪಕ್ಕದಲ್ಲೇ ರಸ್ತೆ ಸುಮಾರು 1,200 ಮೀಟರಿನಿಂದ 2,050 ಮೀಟರಿಗೆ ಏರುತ್ತದೆ. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ತಾಪ ಇಳಿಯುವುದರಿಂದ, ಕುಲ್ಲುವಿನಲ್ಲಿ ಭಾರವೆನಿಸಿದ ಸ್ವೆಟರ್ ಸಂಜೆ ಮನಾಲಿಯಲ್ಲಿ ಸಾಲದಾಗುತ್ತದೆ. ಬಲದಂಡೆಯ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತರೆ ಎಡದಂಡೆಯಲ್ಲಿ ನಗ್ಗರ್ ಮೂಲಕ ಇನ್ನೊಂದು ದಾರಿಯಿದೆ. ಕಿರಿದು, ಆದರೆ ಸೇಬಿನ ತೋಟಗಳ ನಡುವೆ ಸಾಗುತ್ತದೆ.

ಕಣಿವೆ ಉತ್ತರ-ದಕ್ಷಿಣವಾಗಿ ಚಾಚಿದೆ. ಎರಡೂ ಬದಿಯ ಬೆಟ್ಟಗಳಿಂದಾಗಿ ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತದೆ. ರಾತ್ರಿ ಮೇಲಿನ ತಣ್ಣನೆಯ ಗಾಳಿ ಭಾರವಾಗಿ ತಳಕ್ಕೆ ಜಾರುವುದರಿಂದ ನದಿಯಂಚಿನ ಕೋಣೆಗೆ ಚಳಿ ಹೆಚ್ಚು. ಮಳೆಗಾಲದಲ್ಲಂತೂ ಅಲ್ಲಿ ತಂಗಲೇಬಾರದು: 2023ರ ಜುಲೈ ಪ್ರವಾಹದಲ್ಲಿ ಬಿಯಾಸ್ ಹೆದ್ದಾರಿಯನ್ನೇ ಅಲ್ಲಲ್ಲಿ ಕೊಚ್ಚಿಕೊಂಡು ಹೋಯಿತು. ತಂಗಲು ಪಕ್ಕದ ವಶಿಷ್ಠ ಹಳ್ಳಿ, ಹಳೆ ಮನಾಲಿಯ ಮೇಲ್ಭಾಗ ವಾಸಿ.

ಈ ಊರಿನ ಹವೆ ಅರ್ಥವಾಗಬೇಕಾದರೆ ಅಟಲ್ ಸುರಂಗ ದಾಟಬೇಕು. 2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿ.ಮೀ. ಸುರಂಗ ಪೀರ್ ಪಂಜಾಲ್ ಶ್ರೇಣಿಯನ್ನು ಕೊರೆದು ಸಾಗುತ್ತದೆ. ದಕ್ಷಿಣದಿಂದ ಬರುವ ಮುಂಗಾರು ಮೋಡ ಈ ಗೋಡೆಗೆ ಬಡಿದು ಈಚೆಯೇ ಸುರಿದುಬಿಡುತ್ತದೆ. ಆಚೆಯ ಲಾಹೌಲ್, ನಮ್ಮ ಘಟ್ಟದ ಮೂಡಲ ಬಯಲುಸೀಮೆಯ ಹಾಗೆ, ಮಳೆನೆರಳು. ದೇವದಾರು ಕಾಡು ಬಿಟ್ಟು ಒಳಹೊಕ್ಕವರು ಹತ್ತು-ಹದಿನೈದು ನಿಮಿಷದಲ್ಲಿ ಚಂದ್ರಾ ನದಿಯ ಬೋಳು ಇಳಿಜಾರಿನೆದುರು ಇರುತ್ತಾರೆ. ಜುಲೈನಲ್ಲಿ ಮನಾಲಿ ತೊಪ್ಪನೆ ನೆನೆಯುವಾಗಲೂ ಆಚೆಯ ಸಿಸ್ಸು ಹಳ್ಳಿಯಲ್ಲಿ ಬಿಸಿಲಿರಬಹುದು.

ಚಳಿಗಾಲದ ಲೆಕ್ಕ ಬೇರೆ. ಆಗ ಮೋಡ ಬರುವುದು ಮೆಡಿಟರೇನಿಯನ್ ಕಡೆಯಿಂದ, ಪಶ್ಚಿಮದ ಗಾಳಿಯ ಜೊತೆ. ಹಿಮ ಎರಡೂ ಬದಿಗೆ ಬೀಳುತ್ತದೆ, ಆದರೆ ಬಿಟ್ಟು ಬಿಟ್ಟು. ಜನವರಿಯಲ್ಲಿ ಹೋದ ಮಾತ್ರಕ್ಕೆ ಪೇಟೆಯಲ್ಲೇ ಹಿಮ ಸಿಗುತ್ತದೆಂಬ ಖಾತ್ರಿಯಿಲ್ಲ. ಮುನ್ಸೂಚನೆ ನೋಡಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಹಿಮಕ್ಕಿಂತ ಅಪಾಯ ಮರುದಿನದ್ದು. ಹಗಲು ಕರಗಿದ ನೀರು ರಾತ್ರಿ ಡಾಂಬರಿನ ಮೇಲೆ ಗಾಜಿನಂತೆ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಬರೀ ಒದ್ದೆ ರಸ್ತೆ ಅನ್ನಿಸುತ್ತದೆ. ಮನಾಲಿಯ ಮೇಲಿನ ಸೋಲಂಗ್ ಕಣಿವೆ ಕಡೆ ಬೆಳಿಗ್ಗೆ ಹತ್ತರ ನಂತರ ಹೊರಟು, ನಾಲ್ಕರೊಳಗೆ ಇಳಿದುಬಿಡಿ. ಚಕ್ರಕ್ಕೆ ಸರಪಳಿ ಕಟ್ಟಿ ಅಭ್ಯಾಸವಿಲ್ಲದವರು ಸ್ಥಳೀಯ ಚಾಲಕರ ಗಾಡಿ ಹಿಡಿಯುವುದೇ ಸರಿ.

ರೋಹ್ತಾಂಗ್ ಕಣಿವೆದಾರಿ 3,978 ಮೀಟರ್ ಎತ್ತರದಲ್ಲಿದೆ, ಮನಾಲಿಗಿಂತ ಹನ್ನೆರಡು ಡಿಗ್ರಿಯಷ್ಟು ತಂಪು. ವಾಹನಕ್ಕೆ ಪರ್ಮಿಟ್ ಬೇಕು. ಮನಾಲಿಗೆ ಬಂದಿಳಿದ ದಿನವೇ ಹತ್ತಬೇಡಿ, ತಲೆನೋವು ಶುರುವಾದರೆ ಕೆಳಗಿಳಿಯುವುದೇ ಮದ್ದು.