ಕೊರೊನಾ ವರ್ಷ ನಾಟಕದ ಮೇಷ್ಟ್ರಿಗೆ ಏನು ಕೆಲಸ?

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುವ ಪ್ರಶ್ನೆ ಇದು. ನಾನು ಮೈಸೂರಿನ ಶಾಲೆಯೊಂದರಲ್ಲಿ ನಾಟಕ ಕಲಿಸುತ್ತೇನೆ ಅಂತ ಗೊತ್ತಾದ ಕೂಡಲೇ, "ಹಾಗಾದ್ರೆ ಕೊರೊನಾ ವರ್ಷ ಆರಾಮಾಗಿದ್ರಿ ಬಿಡಿ. ಜೂಮ್‌ನಲ್ಲಿ ನಾಟಕ ಎಲ್ಲಿಂದ ಮಾಡಿಸ್ತೀರಿ?" ಇಷ್ಟು ದಿನ ಸುಮ್ನೆ ನಕ್ಕು ಎಲೆಯ ಕಡೆ ತಿರುಗುತ್ತಿದ್ದೆ. ಈಗ ಬರೆದೇ ಬಿಡೋಣ ಅನಿಸಿದೆ.

ಆರಾಮಾಗೇನೂ ಇರಲಿಲ್ಲ. ಆದರೆ ನಾಟಕ ಕಲಿಸಿದೆ ಅಂದರೆ ಅದೂ ಸುಳ್ಳೇ.

ನಮ್ಮ ವಿಭಾಗ ಅಂದರೆ ಇಬ್ಬರು: ನಾನು ಮತ್ತು ಸಂಗೀತದ ಮೇಡಂ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆನ್‌ಲೈನ್ ಕ್ಲಾಸ್ ಶುರುವಾದ ಮೇಲೆ ವಾರಕ್ಕೊಂದು ಪೀರಿಯಡ್ ನಮಗೂ ಕೊಟ್ಟರು. ಜೂಮ್‌ನ ಬಿಟ್ಟಿ ಖಾತೆ, 40 ನಿಮಿಷಕ್ಕೆ ತಾನಾಗೇ ಕಟ್. ಮೊದಲ ದಿನ ಮೇಡಂ, "ಎಲ್ಲರೂ ಮೈಕ್ ಆನ್ ಮಾಡಿ, ನಾಡಗೀತೆ ಹಾಡೋಣ" ಅಂದರು. ಎಂಟನೇ ಕ್ಲಾಸಿನ 32 ಮಕ್ಕಳು ಹಾಡಿದರು. ಒಬ್ಬಳು ಪಲ್ಲವಿ ಮುಗಿಸುವ ಹೊತ್ತಿಗೆ ಇನ್ನೊಬ್ಬ ಅರ್ಧದಲ್ಲಿದ್ದ. ನಡುವೆ ಯಾರದೋ ಮನೆಯ ಕುಕ್ಕರ್ ಕೂಗಿತು. ಸ್ಪಷ್ಟವಾಗಿ ಕೇಳಿದ್ದು ಅದೊಂದೇ.

ಮಕ್ಕಳ ತಪ್ಪಲ್ಲ. ಕೂಡಿ ಹಾಡಬೇಕಾದರೆ ಇನ್ನೊಬ್ಬರ ದನಿ ಹೆಚ್ಚೆಂದರೆ 30 ಮಿಲಿಸೆಕೆಂಡಿನೊಳಗೆ ಕಿವಿಗೆ ಬೀಳಬೇಕು. ಹತ್ತು ಮೀಟರ್ ಆಚೆ ನಿಂತವರ ದನಿ ನಮ್ಮ ತನಕ ಬರಲು ಹಿಡಿಯುವ ಹೊತ್ತು ಅದು. ವಿಡಿಯೋ ಕಾಲ್‌ನಲ್ಲಿ ಅದರ ಐದಾರು ಪಟ್ಟು ತಡ ಆಗುವುದು ಮಾಮೂಲಿ. ಮಾತಿಗೆ ಅದು ಲೆಕ್ಕಕ್ಕಿಲ್ಲ. ತಾಳ ಮಾತ್ರ ಕೆಟ್ಟು ಕೂರುತ್ತದೆ.

ಶ್ರುತಿಯ ಕಥೆ ಇನ್ನೂ ತಮಾಷೆ. ಮೇಡಂ ಹಾರ್ಮೋನಿಯಂನಲ್ಲಿ ಷಡ್ಜ, ಅಂದರೆ 'ಸ' ಸ್ವರ, ಹಿಡಿದರೆ ಮಕ್ಕಳಿಗೆ ಒಂದು ಕ್ಷಣ ಕೇಳಿ ಆಮೇಲೆ ಮಾಯ. "ಮಿಸ್, ನಿಮ್ಮ ಪೆಟ್ಟಿಗೆ ಕೆಟ್ಟೋಗಿದೆ!" ಪಾಪ, ಅವರು ಅದನ್ನು ಬಿಚ್ಚಿ ನೋಡಿದ್ದೂ ಆಯಿತು. ಒಂದೇ ಸಮ ಬರುವ ಸದ್ದನ್ನು ಆ ಆ್ಯಪ್ ಫ್ಯಾನಿನ ಸದ್ದು ಅಂದುಕೊಂಡು ಅಳಿಸಿ ಹಾಕುತ್ತದಂತೆ. ನಾವು ಯಾವುದನ್ನು ಹಿಡಿದುಕೊಂಡು ಹಾಡುತ್ತೇವೋ ಅದರ ಪಾಲಿಗೆ ಅದೇ ಗಲಾಟೆ. ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಸೌಂಡ್' ಒತ್ತಿದ ಮೇಲೆ ಹಾರ್ಮೋನಿಯಂ ಬದುಕಿತು.

ಆಮೇಲೆ ಬೇರೆ ದಾರಿ ಹಿಡಿದೆವು. ಮೇಡಂ ತಾಳದ ಟ್ರ್ಯಾಕ್ ವಾಟ್ಸಾಪ್‌ಗೆ ಹಾಕುವುದು, ಮಗು ಒಂದು ಫೋನಿನಲ್ಲಿ ಅದನ್ನು ಕೇಳುತ್ತಾ ಇನ್ನೊಂದರಲ್ಲಿ ಹಾಡಿ ಕಳಿಸುವುದು. ಎರಡು ಫೋನ್ ಎಷ್ಟು ಮನೆಯಲ್ಲಿವೆ? 19 ಫೈಲ್ ಬಂದವು. ಕೆಲವು ರಾತ್ರಿ ಹತ್ತಕ್ಕೆ, ಅಪ್ಪ ಕೆಲಸದಿಂದ ಬಂದ ಮೇಲೆ. ಒಬ್ಬಳು ಪಿಸುದನಿಯಲ್ಲಿ ಹಾಡಿದ್ದಳು, ಮಲಗಿದ ತಮ್ಮ ಎದ್ದಾನು ಅಂತ. ಎಲ್ಲವನ್ನೂ ಜೋಡಿಸಲು ನನಗೆ ನಾಲ್ಕು ರಾತ್ರಿ ಬೇಕಾಯಿತು. ಪೋಷಕರ ಗ್ರೂಪಿನಲ್ಲಿ ಚಪ್ಪಾಳೆಯ ಎಮೋಜಿಗಳ ಸುರಿಮಳೆ. ಕೇಳಲು ಚೆನ್ನಾಗೇ ಇತ್ತು. ಆದರೆ ಆ 19ರಲ್ಲಿ ಒಬ್ಬರೂ ಪಕ್ಕದವರ ದನಿ ಕೇಳಿ ಹಾಡಿರಲಿಲ್ಲ.

ಆ ವರ್ಷ ಮಕ್ಕಳಿಂದ ಮಾಡಿಸಿದ ಬಾನುಲಿ ನಾಟಕ, ಅಂದರೆ ಬರೀ ದನಿಯ ನಾಟಕ, ಇದಕ್ಕಿಂತ ಎಷ್ಟೋ ವಾಸಿ. ಮೊರದಲ್ಲಿ ರಾಗಿ ಹೊರಳಿಸಿದರೆ ಮಳೆಯ ಸದ್ದು ಬರುತ್ತದೆ ಅಂತ ಕಂಡುಹಿಡಿದವಳು ಒಬ್ಬ ಹುಡುಗಿ. ನನಗೇ ಅದು ಗೊತ್ತಿರಲಿಲ್ಲ.

2021ರ ಫೆಬ್ರವರಿ 22ಕ್ಕೆ ಆರರಿಂದ ಎಂಟನೇ ಕ್ಲಾಸಿನವರು ಶಾಲೆಗೆ ಬಂದರು. ಹಾಡು ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಮೇಡಂ ಕೂಡ ತಕರಾರು ಮಾಡಲಿಲ್ಲ. ಹಿಂದಿನ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಕ್ಯಾಜಿಟ್ ವ್ಯಾಲಿ ಕೊರಾಲ್ ಅನ್ನುವ ಗಾಯನ ತಂಡ ಎರಡೂವರೆ ಗಂಟೆ ತಾಲೀಮು ಮಾಡಿತ್ತು. ಬಂದಿದ್ದ 61 ಜನರಲ್ಲಿ 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಅದನ್ನು ಓದಿದ ಮೇಲೆ ಯಾರಿಗೆ ತಾನೇ ಧೈರ್ಯ ಬರುತ್ತದೆ?

ಹಾಗಾಗಿ ಮಾಸ್ಕ್ ಹಾಕಿಕೊಂಡೇ ನಾಟಕ, ಹೊಂಗೆ ಮರದ ಕೆಳಗೆ. ಮೊದಲ ತಾಲೀಮಿನಲ್ಲಿ ರಾಜನ ಪಾರ್ಟಿನ ಹುಡುಗ ಸಿಂಹಾಸನದ (ಅಂದರೆ ಮುರಿದ ಡೆಸ್ಕಿನ) ಮೇಲೆ ಕೂತು, ಮಾತು ಹೇಳುವ ಮುಂಚೆ ಕೈ ಎತ್ತಿದ.

"ಏನೋ?" ಅಂದೆ.

"ಸರ್, ಮಾತಾಡ್ಲಾ?"

ನಗು ಬಂತು. ಆಮೇಲೆ ಮಂತ್ರಿಯೂ ಕೈ ಎತ್ತಿದಾಗ ನಗು ನಿಂತಿತು. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು ಅಂತ ಅಷ್ಟು ತಿಂಗಳು ನಾವೇ ಕಲಿಸಿದ್ದೆವಲ್ಲ. ಕೇಳಿಸಿಕೊಂಡು ಸುಮ್ಮನಿರುವುದು ಬೇರೆ, ಮ್ಯೂಟ್ ಆಗಿರುವುದು ಬೇರೆ.

ನಾಟಕದ ಪ್ರತಿಯನ್ನು ಪಕ್ಕಕ್ಕಿಟ್ಟೆ. ದಿನಾ ಹತ್ತು ನಿಮಿಷ ಒಂದೇ ಆಟ: ದೂರ ದೂರ ವೃತ್ತದಲ್ಲಿ ನಿಂತು, ಯಾರೂ ಎಣಿಸದೆ, ಯಾರೂ ಸನ್ನೆ ಮಾಡದೆ, ಎಲ್ಲರೂ ಒಟ್ಟಿಗೆ ಒಂದು ಚಪ್ಪಾಳೆ ಹೊಡೆಯಬೇಕು. ಮೊದಲ ದಿನ ಬಾಣಲೆಯಲ್ಲಿ ಅರಳು ಸಿಡಿದ ಹಾಗಿತ್ತು. ಹನ್ನೊಂದನೇ ದಿನ ಟಪ್ ಅಂತ ಒಂದೇ ಸದ್ದು ಬಂತು. ಮರದ ಮೇಲಿದ್ದ ಕಾಗೆ ಹಾರಿಹೋಯಿತು. ಮಕ್ಕಳು ಕಣ್ಣರಳಿಸಿ ಒಬ್ಬರನ್ನೊಬ್ಬರು ನೋಡಿದರು. ಮಾಸ್ಕ್ ಮೇಲೆ ಕಾಣುತ್ತಿದ್ದದ್ದು ಕಣ್ಣು ಮಾತ್ರ ತಾನೇ.

ಏಪ್ರಿಲ್ ಶುರುವಿನಲ್ಲೇ ಆರರಿಂದ ಒಂಬತ್ತರವರೆಗೆ ಮತ್ತೆ ಬಂದ್. ನಾಟಕ ಆಡಲಿಲ್ಲ. ವಾರ್ಷಿಕ ವರದಿಗೆ ನಮ್ಮ ವಿಭಾಗದ್ದು ಕೇಳಿದಾಗ ಜೋಡಿಸಿದ ಹಾಡನ್ನೂ ಬಾನುಲಿ ನಾಟಕವನ್ನೂ ಬರೆದುಕೊಟ್ಟೆ. ಆ ಚಪ್ಪಾಳೆಯನ್ನು ಯಾವ ಕಾಲಮ್ಮಿಗೆ ಹಾಕೋದು ಅಂತ ಗೊತ್ತಾಗಲಿಲ್ಲ.