ಮನೆತನದ ಆಟ: ದಾವಾವ್ ಹಂತ ಮುಗಿಯಿತು

ಫಿಲಿಪೀನ್ಸ್‌ನ ರಾಜಕೀಯ ಮನೆತನಗಳ ಬಗ್ಗೆ ನಾನು ಮಾಡುತ್ತಿರುವ ಆಟದ ಮೊದಲ ಹಂತ ಈಗ ಪೂರ್ತಿ ಆಡುವಂತಾಗಿದೆ. ಇಷ್ಟು ದಿನ ಬರೀ ವಂಶವೃಕ್ಷ ಇತ್ತು. ಒಂದು ಹೆಸರು ಮುಟ್ಟಿದರೆ ಅವರು ಕೂತ ಕುರ್ಚಿಗಳೆಲ್ಲ ಬಣ್ಣ ಬದಲಿಸುತ್ತಿದ್ದವು. ನೋಡಲು ಚೆನ್ನಾಗಿತ್ತು, ಆದರೆ ಮನೆತನ ಯಾಕೆ ಬೆಳೆಯುತ್ತದೆ ಅನ್ನುವುದು ಅದರಲ್ಲಿ ಕಾಣುತ್ತಿರಲಿಲ್ಲ.

ಅಲ್ಲಿನ 1987ರ ಸಂವಿಧಾನ ರಾಜಕೀಯ ಮನೆತನಗಳನ್ನು ನಿಷೇಧಿಸಬೇಕು ಅನ್ನುತ್ತದೆ. ಆದರೆ ಮನೆತನ ಅಂದರೆ ಏನು ಅಂತ ಹೇಳುವ ಕೆಲಸವನ್ನು ಕಾನೂನಿಗೆ ಬಿಟ್ಟಿದೆ. ಕಾನೂನು ಮಾಡಬೇಕಾದ ಸಂಸತ್ತಿನಲ್ಲಿ ಅಂಥ ಮನೆಗಳವರೇ ಜಾಸ್ತಿ. ಎಲ್ಲ ಹುದ್ದೆಗಳಿಗೂ ಅನ್ವಯಿಸುವ ಕಾನೂನು 2025ರ ಚುನಾವಣೆಯವರೆಗೂ ಬರಲೇ ಇಲ್ಲ. ಅದೇ ಸಂವಿಧಾನದ ಇನ್ನೊಂದು ನಿಯಮ ಮಾತ್ರ ಗಟ್ಟಿಯಾಗಿ ಜಾರಿಯಲ್ಲಿದೆ: ಮೇಯರ್ ಆದವರು 3 ವರ್ಷಗಳ 3 ಅವಧಿ ಸತತವಾಗಿ ಮುಗಿಸಿದರೆ ಮುಂದಿನ ಅವಧಿಗೆ ಕುರ್ಚಿ ಬಿಡಬೇಕು.

ಆಟ ನಿಂತಿರುವುದೇ ಈ ನಿಯಮದ ಮೇಲೆ. ಮೂರನೇ ಅವಧಿ ಮುಗಿದ ಕೂಡಲೇ ಕುರ್ಚಿ ಕೆಂಪಾಗುತ್ತದೆ. ಬಿಟ್ಟುಕೊಡಬಹುದು, ಇಲ್ಲವೇ ಮನೆಯವರನ್ನು ಕೂರಿಸಬಹುದು. ಆಡಿದವರು ಯಾರೂ ಬಿಟ್ಟುಕೊಡಲಿಲ್ಲ. ಒಬ್ಬರನ್ನು ತಡೆಯಲು ಮಾಡಿದ ಮಿತಿಯೇ ಇಡೀ ಕುಟುಂಬವನ್ನು ಒಳಗೆ ತರುವುದು ಅವರ ಕೈಯಲ್ಲೇ ನಡೆದುಹೋಗುತ್ತದೆ. ನನಗೆ ಬೇಕಾಗಿದ್ದದ್ದು ಇದೇ.

ಗೆಳತಿಯೊಬ್ಬಳು ಮಗಳನ್ನು ಮೇಯರ್ ಮಾಡಿ ಅಪ್ಪನನ್ನು ಉಪಮೇಯರ್ ಕುರ್ಚಿಗೆ ಎಳೆದಳು. "ಇದಕ್ಕೆಲ್ಲ ಅವಕಾಶ ಇರಲ್ಲ ಅಲ್ವಾ?" ಅಂದಳು. ಪಕ್ಕದ ಗುಂಡಿ ಒತ್ತಿದಾಗ ನಿಜವಾದ ದಾವಾವ್ ನಗರ ತೆರೆದುಕೊಂಡಿತು. 2001ರಿಂದ ಮೂರು ಅವಧಿ ಮೇಯರ್ ಆಗಿದ್ದ ರೊಡ್ರಿಗೊ ಡುಟೆರ್ಟೆ 2010ರಲ್ಲಿ ಉಪಮೇಯರ್ ಆದರು, ಮಗಳು ಸಾರಾ ಮೇಯರ್. 2013ರಲ್ಲಿ ಮತ್ತೆ ಅಪ್ಪ ಮೇಯರ್, ಮಗ ಪಾವೊಲೊ ಉಪಮೇಯರ್. 2016ರಲ್ಲಿ ಅಪ್ಪ ರಾಷ್ಟ್ರಾಧ್ಯಕ್ಷ, ಸಾರಾ ಮತ್ತೆ ಮೇಯರ್. 2022ರಲ್ಲಿ ಸಾರಾ ಉಪಾಧ್ಯಕ್ಷೆ, ತಮ್ಮ ಸೆಬಾಸ್ಟಿಯನ್ ಮೇಯರ್. 2025ರ ಮೇನಲ್ಲಿ ಹೇಗ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಬಂಧನದಲ್ಲಿದ್ದುಕೊಂಡೇ ಅಪ್ಪ ಮತ್ತೆ ಮೇಯರ್ ಚುನಾವಣೆ ಗೆದ್ದರು.

ಗೆರೆಗಳನ್ನೂ ಬದಲಿಸಿದ್ದೇನೆ. ಒಬ್ಬರಾದ ಮೇಲೆ ಒಬ್ಬರು ಬಂದರೆ ಸಣ್ಣ ಗೆರೆ, ಒಂದೇ ಸಮಯಕ್ಕೆ ಹಲವರು ಕೂತರೆ ದಪ್ಪ ಗೆರೆ. 24 ಜನರ ಸೆನೆಟ್‌ನಲ್ಲಿ 2025ರಲ್ಲಿ ನಾಲ್ಕು ಜೋಡಿ ಒಡಹುಟ್ಟಿದವರಿದ್ದರು. ಆ ಪರದೆ ತುಂಬ ದಪ್ಪ ಗೆರೆಗಳೇ.

ಇನ್ನು ಮನೆತನದ ಎದುರು ನಿಲ್ಲುವ ಅಭ್ಯರ್ಥಿಯ ಹಂತ. ಅದರಲ್ಲಿ ಗೆಲ್ಲುವ ದಾರಿ ಇರಲೇಬೇಕು, ಯಾಕೆಂದರೆ ನಿಜಕ್ಕೂ ಗೆದ್ದವರಿದ್ದಾರೆ. ಪಾಸಿಗ್ ನಗರದಲ್ಲಿ 1992ರಿಂದ ಹಿಡಿತ ಸಾಧಿಸಿದ್ದ ಯೂಸೆಬಿಯೊ ಕುಟುಂಬವನ್ನು 2019ರಲ್ಲಿ ವಿಕೊ ಸೊಟ್ಟೊ ಸೋಲಿಸಿದರು. ಆದರೆ ಅವರ ದೊಡ್ಡಪ್ಪ ಟಿಟೊ ಸೊಟ್ಟೊ ಆಗ ಸೆನೆಟ್‌ನ ಅಧ್ಯಕ್ಷರು! ವಿಕೊ ಅವರ ಕಾರ್ಡು ಯಾವ ಗುಂಪಿಗೆ ಸೇರಬೇಕು ಅನ್ನುವುದನ್ನು ಆಡುವವರಿಗೇ ಬಿಡುತ್ತೇನೆ. ಅದಕ್ಕೆ ಬೇಕಾದ ಪರದೆಯನ್ನು ಬರೆಯಲು ಕೂತಿದ್ದೇನೆ.