ಗ್ರೀನ್‌ಲ್ಯಾಂಡ್ ನಮ್ಮ ದೇಶಕ್ಕಿಂತ ಚಿಕ್ಕದು, ನಂಬ್ತೀರಾ?

ಸ್ಯಾನ್ ಫ್ರಾನ್ಸಿಸ್ಕೋದಲ್ಲಿರೋ ತಮ್ಮ ಮುಂದಿನ ತಿಂಗಳು ಊರಿಗೆ ಬರ್ತಿದಾನೆ, ಅದಕ್ಕೆ ಮಗಳು "ಅಪ್ಪಾ, ಚಿಕ್ಕಪ್ಪನ ವಿಮಾನ ಯಾವ ಕಡೆಯಿಂದ ಬರುತ್ತೆ" ಅಂತ ಕೇಳಿದ್ಲು. ನಾನು ಹೊಲಿಗೆ ದಾರ ತಗೊಂಡು ಗೋಡೆ ಮೇಲಿನ ಮ್ಯಾಪಲ್ಲಿ ಅಲ್ಲಿಂದ ಬೆಂಗಳೂರಿಗೆ ಬಿಗಿಯಾಗಿ ಎಳೆದೆ, ಅಟ್ಲಾಂಟಿಕ್ ದಾಟಿ ಸಹಾರಾ ಮೇಲೆ ಹಾದು ಬಂತು, ಇದೇ ಹತ್ರದ ದಾರಿ ಅಂತ ಜಂಭದಲ್ಲಿ ಹೇಳ್ದೆ. ಅವಳು ಅದೇ ದಾರಾನ ಗ್ಲೋಬ್ ಮೇಲೆ ಎಳೆದ್ರೆ ಅಲಾಸ್ಕಾ, ಸೈಬೀರಿಯಾ ಕಡೆಯಿಂದ ಬಂತು! ನನ್ನ ಜಂಭ ಠುಸ್.

ಚೆಂಡಿಗೆ ಗಿಫ್ಟ್ ಪೇಪರ್ ಸುತ್ತಿದೀರಾ? ಎಷ್ಟು ನೀವಿದ್ರೂ ಎಲ್ಲೋ ಒಂದ್ಕಡೆ ಸುಕ್ಕು ಬಿದ್ದೇ ಬೀಳುತ್ತೆ. ಉಲ್ಟಾ ಮಾಡಿದ್ರೂ ಅದೇ ಕಥೆ, ದುಂಡಗಿರೋದನ್ನ ಚಪ್ಪಟೆ ಮಾಡಬೇಕಂದ್ರೆ ಹರೀಬೇಕು ಇಲ್ಲಾ ಜಗ್ಗಬೇಕು.

ನಮ್ಮ ಗೋಡೆ ಮೇಲಿರೋ ಥರದ ಮ್ಯಾಪ್ ಮಾಡಿದ ನಕ್ಷೆಗಾರ ಮರ್ಕೇಟರ್ 1569ರಲ್ಲಿ ಜಗ್ಗೋ ದಾರಿ ಹಿಡಿದ. ಧ್ರುವದ ಕಡೆ ಹೋಗ್ತಾ ಹತ್ರ ಹತ್ರ ಬರೋ ರೇಖಾಂಶಗಳನ್ನ ಕಂಬ ನೆಟ್ಟಂಗೆ ನೆಟ್ಟಗೆ ನಿಲ್ಲಿಸ್ಬಿಟ್ಟ, ಅಡ್ಡಕ್ಕೆ ಜಗ್ಗಿದ ಮೇಲೆ ಆಕಾರ ಕೆಡಬಾರದಲ್ಲ, ಅದಕ್ಕೆ ಉದ್ದಕ್ಕೂ ಅಷ್ಟೇ ಜಗ್ಗಿದ, ಹಂಗಾಗಿ 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ಗ್ರೀನ್‌ಲ್ಯಾಂಡ್ ಹೆಚ್ಚುಕಮ್ಮಿ ಪೂರ್ತಿ ಅದಕ್ಕಿಂತ ಮೇಲಿದೆ, ಮ್ಯಾಪಲ್ಲಿ ಆಫ್ರಿಕಾದಷ್ಟು ಕಾಣುತ್ತೆ. ನಿಜಕ್ಕೂ ಇರೋದು ಸುಮಾರು 21.7 ಲಕ್ಷ ಚದರ ಕಿ.ಮೀ. ನಮ್ದು 32.9 ಲಕ್ಷ. ಆಫ್ರಿಕಾ 3 ಕೋಟಿ ಸ್ವಾಮಿ!

ಅವನನ್ನ ಬೈಯೋಕಾಗಲ್ಲ ಬಿಡಿ. ಅವನು ಮಾಡಿದ್ದು ಹಡಗಿನವರಿಗೆ, ದಿಕ್ಸೂಚಿ ಒಂದೇ ದಿಕ್ಕಿಗೆ ಹಿಡ್ಕೊಂಡು ಹೋದ್ರೆ ಆ ದಾರಿ ಈ ಮ್ಯಾಪಲ್ಲಿ ನೇರ ಗೆರೆ, ಸ್ಕೇಲ್ ಇಟ್ಟು ಎಳೆದ್ರಾಯ್ತು. ಫೋನ್ ಮ್ಯಾಪಲ್ಲೂ ಇದೇ ಲೆಕ್ಕ ಬಳಸ್ತಾರೆ, ಜಯನಗರದ ಕ್ರಾಸ್‌ಗಳು ಎಷ್ಟು ಝೂಮ್ ಮಾಡಿದ್ರೂ ಮೂಲೆ ಸೊಟ್ಟ ಆಗದೆ ಕೂರೋದು ಅದಕ್ಕೇ. ದೇಶಗಳ ಸೈಜ್ ತೋರ್ಸೋಕೆ ಇದನ್ನ ಕ್ಲಾಸ್‌ರೂಮಲ್ಲಿ ನೇತು ಹಾಕಿದೋರದ್ದೇ ಎಡವಟ್ಟು ಅಂತ ನನಗನ್ಸುತ್ತೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ರೂಟ್ ಶುರು ಮಾಡಿದಾಗ ಮೊದಲ ವಿಮಾನಾನ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಹಾರಿಸ್ಕೊಂಡು ಬೆಂಗಳೂರಿಗೆ ಬಂದಿದ್ರು ಅಂತ ಮಗಳಿಗೆ ಹೇಳ್ದೆ. ಅವಳು ಸ್ಟೂಲ್ ಹತ್ತಿ ಮ್ಯಾಪಲ್ಲಿ ಧ್ರುವ ಹುಡುಕಿದ್ಲು, ಇಲ್ಲ. ಅಲ್ಲಿಗೆ ಹೋಗೋ ಹೊತ್ತಿಗೆ ಜಗ್ಗೋದು ಅನಂತ ಆಗ್ಬಿಡುತ್ತೆ ಪುಟ್ಟಿ, ಅದಕ್ಕೆ ಮೇಲ್ಗಡೆ ಕತ್ತರಿಸಿರ್ತಾರೆ ಅಂದೆ.

"ಹಂಗಾದ್ರೆ ಆ ವಿಮಾನ ಪೇಪರ್‌ನಿಂದ ಆಚೆ ಹೋಗಿ ಬಂತಾ?"

ಹೂಂ ಅಂದೆ.